ಏಳನೆಯ ಪ್ರಶ್ನೆ

ಹಾಸನ. ಮೌಲ್ಯಮಾಪನ ಕೇಂದ್ರ, ಹದಿನಾಲ್ಕನೇ ಕೊಠಡಿ.
ಫ್ಯಾನು ತಿರುಗುತ್ತದೆ, ಗಾಳಿ ಬರುತ್ತದೆ;
ಅದರಿಂದಲೇ ಇದು ಎಂಬುದನ್ನು ಕಂಡವರು ಯಾರು?
ಹೀಗೆ ಕೇಳಿದವನಿಗೆ ಸ್ಕಾಟರು ಏನೆಂದರು, ಜರ್ಮನರು ಏನೆಂದರು,
ಹೋಲಿಸಿ ಬರೆಯಿರಿ. ಹತ್ತು ಅಂಕ.

ಬೆಳಗಿನಿಂದ ಒಂದೇ ಗೈಡಿನ ಇಪ್ಪತ್ತೆಂಟು ಉತ್ತರ,
ತಪ್ಪೂ ಒಂದೇ ಜಾಗದಲ್ಲಿ.
ಇಪ್ಪತ್ತೊಂಬತ್ತನೆಯದರೊಳಗೆ ಒಬ್ಬ ಮನುಷ್ಯ ನಡೆದು ಬಂದ,
ಹೆಗಲ ಮೇಲೆ ಸುತ್ತಿಗೆ:

"ನಮ್ಮಪ್ಪ ಅರಸೀಕೆರೆ ಲೈನಿನಲ್ಲಿ ಕೀಮ್ಯಾನ್.
ದಿನಾ ಆರು ಕಿಲೋಮೀಟರ್ ಹಳಿ ತಟ್ಟಿ ಕೇಳುತ್ತಾರೆ.
ನಿನ್ನೆ ಗಟ್ಟಿ ಇತ್ತು ಅಂದಮಾತ್ರಕ್ಕೆ
ಇವತ್ತೂ ಗಟ್ಟಿ ಅನ್ನಲು ಆಧಾರವಿಲ್ಲ.
ಸಂದೇಹವಾದಿ ಹೇಳುವುದು ಸರಿ.
ರೈಲ್ವೆಯವರು ಸಂಬಳ ಕೊಡುವುದೂ ಅದಕ್ಕೇ."

(ಇಲ್ಲಿ ನಕ್ಕುಬಿಟ್ಟೆ. ಪಕ್ಕದ ಪದ್ಮರಾಜಯ್ಯ ತಲೆಯೆತ್ತಿದರು.)

"ದೂರದಲ್ಲಿ ಎರಡು ಹಳಿ ಕೂಡಿದ ಹಾಗೆ ಕಾಣುತ್ತವೆ.
ಕಣ್ಣೇ ಸುಳ್ಳು ಹೇಳಿದರೆ ಇನ್ನೇನು ನಿಜ ಅಂದರೆ
ಸ್ಕಾಟರ ಉತ್ತರ: ಕೂಡುವ ಜಾಗಕ್ಕೆ ನಡೆದು ಹೋಗು.
ಅಪ್ಪ ಇಪ್ಪತ್ತೆರಡು ವರ್ಷ ನಡೆದಿದ್ದಾರೆ.
ನಂಬಿಕೆ ಸಾಲ ತಂದದ್ದಲ್ಲ, ಕಾಲಿನ ಜೊತೆ ಹುಟ್ಟಿದ್ದು.
ಅಲ್ಲಗಳೆಯುವವನೂ ಗಾಡಿ ಬಂದರೆ ಪಕ್ಕಕ್ಕೆ ಸರಿಯುತ್ತಾನೆ.

ಜರ್ಮನರು ಇಷ್ಟಕ್ಕೆ ಒಪ್ಪುವುದಿಲ್ಲ.
ಹಳಿ ನೆಲದಲ್ಲಿ ಬೆಳೆದದ್ದಲ್ಲ, ಹಾಸಿದವರು ನಾವು;
ಹಾಸದೆ ಒಂದು ಗಾಡಿಯೂ ನಮ್ಮವರೆಗೆ ಬಾರದು.
ಹಳಿಯಿಲ್ಲದ ಕಡೆ ಏನಿದೆ ಎಂದು ಕೇಳಬಾರದು,
ಏನೋ ಇದೆ ಅನ್ನಬಹುದು.

ಹೋದ ಮಾಘದಲ್ಲಿ ತಟ್ಟಿದಾಗ ಸದ್ದು ಬೇರೆ ಬಂತಂತೆ.
ಕೆಂಪು ಬಾವುಟ ಹಿಡಿದು ಎಕ್ಸ್‌ಪ್ರೆಸ್ ನಿಲ್ಲಿಸಿದರು.
ಹುಡುಕಿದರೆ ಬಿರುಕು ಸಿಗಲಿಲ್ಲ. ಮೆಮೊ ಸಿಕ್ಕಿತು:
ಸಂದೇಹಕ್ಕೆ ಕಾರಣವೇನು,
ಮೂರು ದಿನದೊಳಗೆ ಲಿಖಿತ ಉತ್ತರ ಕೊಡತಕ್ಕದ್ದು.
ಅಪ್ಪನ ಅಕ್ಷರ ಚೆನ್ನಾಗಿಲ್ಲ, ನಾನೇ ಕೂತೆ.
ಸ್ಕಾಟರ ಹಾಗೆ ಬರೆದೆ, ಹರಿದೆ.
ಜರ್ಮನರ ಹಾಗೆ ಬರೆದೆ, ಅಪ್ಪನಿಗೇ ಅರ್ಥವಾಗಲಿಲ್ಲ.
ಕಡೆಗೆ ಅಪ್ಪ ಹೇಳಿದ್ದನ್ನು"

ಅಲ್ಲಿಗೆ ಗಂಟೆ ಹೊಡೆದಿರಬೇಕು. ಪೂರ್ಣವಿರಾಮವೂ ಇಲ್ಲ.
ಹಾಳೆ ತಿರುಗಿಸಿದೆ. ಖಾಲಿ. ಇನ್ನೊಂದು. ಖಾಲಿ.

"ಉತ್ತರಸೂಚಿಯಲ್ಲಿ ಹಳಿ ಇಲ್ಲವಲ್ಲ" ಅಂದರು ಪದ್ಮರಾಜಯ್ಯ,
ಬೆಳಗೊಳದ ಕಡೆಯವರು,
"ಒಂದು ದೃಷ್ಟಿಯಿಂದ ನಾಲ್ಕು, ಇನ್ನೊಂದರಿಂದ ಒಂಬತ್ತು."
ಏಳೂವರೆ ಹಾಕಿದೆ.
ಅರ್ಧ ಯಾಕೆಂದು ನನಗೊಂದು ಮೆಮೊ ಬಂದರೆ
ಕೊಡಲು ಉತ್ತರವಿಲ್ಲ.

ಸಂಜೆಯ ಪ್ಯಾಸೆಂಜರ್ ದುದ್ದದ ಆಚೆ ಸುಮ್ಮನೆ ನಿಂತಿತು.
ಎರಡೂ ಕಡೆ ಉತ್ತು ಬಿಟ್ಟ ಆಲೂಗಡ್ಡೆ ಹೊಲ.
ಕಡಲೇಕಾಯಿ ಸುಲಿಯುತ್ತಿದ್ದವರು ಸುಲಿಯುತ್ತಲೇ ಇದ್ದರು.
ಯಾಕೆ ಎಂದು ಯಾರೂ ಕೇಳಲಿಲ್ಲ.
ನಾನು ಕಿಟಕಿಯ ಸರಳಿಗೆ ಕಿವಿ ಹಚ್ಚಿದೆ.