ಮೂರು ಬೆರಳ ಅಳತೆ

ಮಂಗಳವಾರ, ಕೆ.ಆರ್. ಪುರದ ಸಂತೆ.
ಮೊದಲು ದೂರ ನಿಂತು ನೋಡಬೇಕು,
ಕೈ ಹಾಕಬಾರದು.
ಮಂಕರಿ ಕೆಳಗಿನ ಕತ್ತಲಲ್ಲಿ
ಯಾವುದು ನಿಂತೇ ತೂಕಡಿಸುತ್ತಿದೆ,
ಯಾವುದಕ್ಕೆ ಮೂಗು ಸೋರುತ್ತಿದೆ,
ಯಾವುದು ಪಕ್ಕದವಳ ಕಾಲಡಿಯ ರಾಗಿಕಾಳನ್ನೂ
ತನ್ನದೇ ಎಂಬಂತೆ ಹೆಕ್ಕುತ್ತಿದೆ.
ಆ ಕಡೆಯದನ್ನು ಕಣ್ಣಲ್ಲೇ ಗುರುತು ಹಾಕಿಕೊಂಡೆ.

"ಎಲ್ಲಾ ಮೊಟ್ಟೆ ಇಕ್ಕೋವೇ ಕಣಮ್ಮ," ಅಂದ ಸೊಣ್ಣಪ್ಪ,
"ದಿನಕ್ಕೊಂದು. ಹಬ್ಬಕ್ಕೆ ಎರಡು."
ಗಿರಿರಾಜ ತೋರಿಸಿದ: ತೂಕದ ಆಸಾಮಿ,
ನಮ್ಮ ಮೆಟ್ಟಿಲ ಕೆಳಗಿನ ಗೂಡಿಗೆ ಅವಳ ಹೆಗಲೇ ಹಿಡಿಸದು.
ಕಡಕ್‌ನಾಥ್ ತೋರಿಸಿದ: ನಾಲಗೆವರೆಗೂ ಕಪ್ಪು,
ಬೆಲೆ ಕೇಳಿ ನಾನೂ ಸ್ವಲ್ಪ ಕಪ್ಪಾದೆ.
ಮೂಲೆಯಲ್ಲಿ ಫಾರಂ ಬಿಳಿ ಕೋಳಿ ಒಂದು, ಕೊಕ್ಕು ಸುಟ್ಟದ್ದು,
ನೆಲ ಕೆದರಲು ಕಾಲೆತ್ತಿ
ಮುಂದೇನೆಂದು ತಿಳಿಯದೆ ಹಾಗೇ ಇಳಿಸಿತು.
ಅದನ್ನು ನೋಡಬಾರದಿತ್ತು. ನೋಡಿದೆ.

ನಾಟಿ ಯಾಟೆಗಳತ್ತ ತಿರುಗಿದೆ.

ಎತ್ತಿ, ತಲೆ ಹಿಂದಾಗಿ ಕಂಕುಳಿಗೆ ಸಿಕ್ಕಿಸಿಕೊಂಡರೆ
ಬಾಲದ ಕೆಳಗೆ ಸಿಗುತ್ತವೆ ಆ ಎರಡು ಕಡ್ಡಿಮೂಳೆ.
ನಡುವೆ ಒಂದು ಬೆರಳು ಹಿಡಿದರೆ ಇನ್ನೂ ಹುಡುಗಿ,
ಇಲ್ಲವೇ ಮುಗಿದವಳು.
ಎರಡಾದರೆ, ಈವತ್ತೋ ನಾಳೆಯೋ.
ಮೂರಾದರೆ ಇಡುತ್ತಿದ್ದಾಳೆ, ಸುಳ್ಳಲ್ಲ.
ಕಾಲಿನ ಹಳದಿ ಮಾಸಿರಬೇಕು,
ಜುಟ್ಟು ಕೆಂಪಗೆ, ಬೆಚ್ಚಗೆ,
ಹೊಟ್ಟೆ, ನಾದಿ ಹತ್ತು ನಿಮಿಷ ಮುಚ್ಚಿಟ್ಟ ಹಿಟ್ಟಿನ ಹಾಗೆ.

"ನೀವೇನು ದನದ ಡಾಕ್ಟ್ರಾ?"
"ಮನುಷ್ಯರ ಸಿಸ್ಟರು. ಕಾರ್ಪೊರೇಷನ್ ಹೆರಿಗೆ ಆಸ್ಪತ್ರೆ,
ಮೂವತ್ತೊಂದು ವರ್ಷ."
ಇವೇ ಬೆರಳು, ಇದೇ ಲೆಕ್ಕ,
ಗ್ಲೌಸಿಲ್ಲ ಅಷ್ಟೆ.
ರಾತ್ರಿ ಎರಡು ಗಂಟೆಗೆ ಆಟೋದಲ್ಲಿ ಬರುತ್ತಿದ್ದ ಹುಡುಗಿಯರೂ ಹೀಗೇ
ಕೈ ತಗುಲಿದೊಡನೆ ಅದುರಿ
ಆಮೇಲೆ ಒಮ್ಮೆಲೇ ಸುಮ್ಮನಾಗುತ್ತಿದ್ದರು.

ಮೂರು ಆರಿಸಿದೆ. ಒಂದು ಚುಕ್ಕಿಯವಳು, ಒಂದು ಇಟ್ಟಿಗೆ ಬಣ್ಣ,
ಮತ್ತೊಬ್ಬಳು ಆ ರಾಗಿ ಕಳ್ಳಿ. ಅವಳದು ಎರಡೇ ಬೆರಳು, ಇರಲಿ.
ಸೊಣ್ಣಪ್ಪ ಬಿಳಿಯದನ್ನು ಪುಕ್ಕಟೆ ಕೊಡಲು ಬಂದ.
ಬೇಡ ಅಂದೆ. ಜಾಗವಿಲ್ಲ ಅಂದೆ.
ಇತ್ತು.

ಬಸ್ಸಲ್ಲಿ ಕಂಡಕ್ಟರ್ ನನಗೆ ಸೊನ್ನೆ ಟಿಕೆಟ್ ಕೊಟ್ಟ,
ಚೀಲ ಅಲುಗಿದ್ದು ನೋಡಿ ಕೋಳಿಗಳಿಗೆ ದುಡ್ಡು ಕೇಳಿದ.
"ಅವೂ ಹೆಂಗಸರೇ ಕಣಪ್ಪ," ಅಂದೆ.
"ಆಧಾರ್ ತೋರಿಸಿ," ಅಂದ.
ಟಿನ್ ಫ್ಯಾಕ್ಟರಿ ದಾಟುವವರೆಗೂ ಬಸ್ಸು ನಗುತ್ತಿತ್ತು.

ಲಿಂಗರಾಜಪುರದ ಮನೆಯಲ್ಲಿ ಮೈದುನ ಇನ್ನಾಸಿ:
"ಹಳೇದನ್ನ ಸಾರು ಮಾಡಬೌದಲ್ವಾ ಅತ್ತಿಗೆ,
ಕೋಳಿ ಕೇಳಿ ಮಸಾಲೆ ಅರೀತಾರಾ?"
ಹಳೇದು ಅಂದರೆ ಮೇಟ್ರನ್. ಬೂದು ಬಣ್ಣ, ಆರು ವರ್ಷ,
ಕ್ರಿಸ್‌ಮಸ್ಸಿನಿಂದ ಮೊಟ್ಟೆಯಿಲ್ಲ.
ಎತ್ತಿಕೊಂಡು ನೋಡಿದೆ. ಒಂದು ಬೆರಳು, ಅದೂ ಬಿಗಿ.
"ಇವಳಿಗೆ ಪೆನ್ಷನ್," ಅಂದೆ. "ನನಗೆ ಕೊಡ್ತಿಲ್ವಾ ಸರ್ಕಾರ?"

ಹದಿನೈದು ದಿನ ಹೊಸಬರು ಟೆರೇಸಿನ ಟ್ಯಾಂಕ್ ಮರೆಯಲ್ಲಿ,
ಬೇರೆ ನೀರು, ಬೇರೆ ಕಾಳು,
ಅಲ್ಲಿಗೆ ಹತ್ತಲು ನನಗೂ ಬೇರೆ ಚಪ್ಪಲಿ.
ಚುಕ್ಕಿಯವಳು ಒಂದೇ ಒಂದು ಸಲ ಸೀನಿದಳು.
ಅವತ್ತು ನನಗೆ ನಿದ್ದೆಯಿಲ್ಲ.

ಹದಿನಾರನೆಯ ರಾತ್ರಿ ದೀಪ ಹಾಕದೆ
ಒಬ್ಬೊಬ್ಬಳನ್ನೇ ಎದೆಗವಚಿ ಇಳಿಸಿ
ಹಳಬರ ನಡುವೆ ಅಡ್ಡಗೋಲಿನ ಮೇಲೆ ಕೂರಿಸಿದೆ.
ಹಾಗೆ ಮಾಡಿದರೆ, ಬೆಳಗಾದಾಗ
ಇವರು ಮೊದಲಿಂದ ಇದ್ದವರೇ ಎಂದು ನಂಬುತ್ತವಂತೆ.
ನಂಬಲಿಲ್ಲ.
ಆರು ಗಂಟೆಗೇ ರೈಲಿನ ಸದ್ದನ್ನೂ ಮೀರಿ ಜಗಳ,
ಇಟ್ಟಿಗೆ ಬಣ್ಣದವಳ ಕತ್ತಲ್ಲಿ ರಕ್ತ.
ರಾಗಿ ಕಳ್ಳಿ ಮಾತ್ರ ಮೇಟ್ರನ್ ಎದುರು ತಲೆ ತಗ್ಗಿಸಿ,
ಒಂದು ಕುಕ್ಕು ತಿಂದು,
ಅವಳ ಪಕ್ಕದಲ್ಲೇ ನೆಲ ಕೆದರತೊಡಗಿದಳು.

ಗಾಯಕ್ಕೆ ಅರಿಸಿನ ಮೆತ್ತುತ್ತಾ ನೋಡಿದೆ.
ಕಾಲೆತ್ತುವುದು, ಹಿಂದಕ್ಕೆ ಎಳೆಯುವುದು,
ಒಂದು ಹೆಜ್ಜೆ ಸರಿದು, ಬಗ್ಗಿ, ಏನಿದೆ ಎಂದು ನೋಡುವುದು.
ಎಷ್ಟು ಸುಲಭ ಕಾಣುತ್ತದೆ.
ಯಾರಾದರೂ ಪಕ್ಕದಲ್ಲಿ ನಿಂತು ಮಾಡಿದ್ದರೆ
ಅವಳೂ ಕಲಿಯುತ್ತಿದ್ದಳೇನೋ.

"ಇನ್ನಾಸೀ, ಈವತ್ತು ಏನು ವಾರ?"
"ಶುಕ್ರವಾರ. ಯಾಕೆ?"
ಮಧ್ಯೆ ಎರಡು ಸಂತೆ ಆಗಿಹೋಗಿವೆ.