ಎರಡು ರೂಪಾಯಿಗೊಂದು ಪುಟ

ಇಪ್ಪತ್ತೆರಡು ವರ್ಷ ಆತು ಈ ಮಷೀನಿನ ಮುಂದ ನಿಂತು.
ಪುಣೆದಾಗ, ಡೆಕ್ಕನ್ನಿನ ಹಿಂದಿನ ಸಂದ್ಯಾಗ
ಕಾಲು ಚಾಚಿದರ ಎದುರಿನ ಚಹಾದಂಗಡಿಗೆ ತಾಗೂವಷ್ಟು ಝೆರಾಕ್ಸ್ ಅಂಗಡಿ.
ಅಲ್ಲೇ ನಿಂತು ನಾ ದೇಶ ಕಂಡಾಂವ.

ಅಮೆರಿಕಾಕ್ಕ ಮುಖ ಚೌಕ ಬೇಕು,
ಎರಡಿಂಚಿಗೆ ಎರಡಿಂಚು, ಚಷ್ಮಾ ತಗೀಬೇಕು.
ಜರ್ಮನಿಗೆ ಅದೇ ಹುಡುಗಿ ಉದ್ದ ಮುಖದಾಕಿ ಆಗ್ತಾಳ.
ಬ್ರಿಟನ್ನಿಗೆ ರೊಕ್ಕ ಇದ್ದರಷ್ಟ ಸಾಲದು,
ಇಪ್ಪತ್ತೆಂಟು ದಿನ ಬ್ಯಾಂಕಿನ್ಯಾಗ ಅಲುಗದಂಗ ಕುಂತಿರಬೇಕು,
ವ್ರತ ಹಿಡದ ಮುದುಕಿ ಕುಂತಂಗ.

ಹುಡುಗೂರು ಸಾಲಿನ್ಯಾಗ ನಿಂತು ಮರಾಠಿಯೊಳಗ ತೂಗ್ತಾರ.
ನನ್ನ ಕಿವಿಗೆ ಅದು ಇಂಡಿ ತಾಲೂಕಿನ ಮಾತಾಗೇ ಬೀಳ್ತದ:
"ಜರ್ಮನಿಯೊಳಗ ಫೀ ಇಲ್ಲಲೇ."
"ಭಾಷಾ?" "ಕಲಿಯೂದು."
"ಕಲಿಯೂದ್ರಾಗ ಕೂದಲ ಬೆಳ್ಳಗಾಗ್ತಾವು."
"ಕೆನಡಾ?" "ನಮ್ಮ ಮಾವನ ಮಗ ಹೋಗ್ಯಾನ,
ಫೋನ್ ಮಾಡಿದರ ಬರೇ ಬಾಡಿಗಿ ಮಾತಾಡ್ತಾನ."
"ಐರ್ಲೆಂಡ್?" "ಮಳಿ." "ಇಲ್ಲೇನು ಮಳಿ ಇಲ್ಲ?"
"ಇಲ್ಲಿ ಮಳಿಗೆ ಭಜಿ ಅದಾವು."

ಹೋದ ವಾರ ಓಜಸ್ ಪಟವರ್ಧನ ಅಂಬಾಂವ
ಐದು ದೇಶಕ್ಕ ಐದು ಪತ್ರ ಮಾಡಿಸಿದ.
ಸಣ್ಣಾಂವಿದ್ದಾಗಿಂದ ನನ್ನ ಜೀವ ಆ ದೇಶದ ಮ್ಯಾಲೆ ಅಂತ
ಐದರಾಗೂ ಅದೇ ಸಾಲು, ಹೆಸರಷ್ಟ ಬ್ಯಾರೆ.
ನನಗ ಇಂಗ್ಲಿಷ್ ಓದಾಕ ಬರೂದು ಕಮ್ಮಿ. ಖರೆ, ದೇಶದ ಹೆಸರು
ದೂರಿಂದ ಗುರುತು ಹತ್ತತಾವು, ಬದುವಿನ ಮ್ಯಾಲಿನ ಗಿಡ ಹತ್ತಿದಂಗ.
"ತಮ್ಮಾ, ಆಸ್ಟ್ರೇಲಿಯಾದ ಪತ್ರದಾಗ ಮೂರನೇ ಪುಟಕ್ಕ
ನಿನ್ನ ಜೀವ ಇನ್ನೂ ಐರ್ಲೆಂಡಿನ್ಯಾಗ ಅದ ನೋಡು" ಅಂದೆ.
ಕಿವಿ ಕೆಂಪಾದವು.
ಚಹಾ ಕುಡಿಸಿ ಹೋದ.

ಇನ್ನೊಬ್ಬಾಕಿ ಕೇತಕಿ. ಕಲ್ಲು ಓದೂ ಹುಡುಗಿ,
ಚೀಲದಾಗ ಯಾವಾಗಲೂ ಒಂದು ಸಣ್ಣ ಸುತ್ತಿಗಿ.
"ಕಾಕಾ, ನೀವಾಗಿದ್ದರ ಎಲ್ಲಿಗೆ ಹೋಗ್ತಿದ್ರಿ?" ಅಂದಳು ಮೊನ್ನೆ.

ಏನು ಹೇಳಲಿ.
ಹೋಟಗಿ ಜಂಕ್ಷನ್ನಿನ್ಯಾಗ ನಿಂತಾಗ ನನಗ ಹತ್ತೊಂಬತ್ತು.
ಒಂದು ಗಾಡಿ ಹೈದರಾಬಾದಿಗೆ, ಒಂದು ಈ ಕಡೆ.
ಆ ಕಡೆ ಸ್ವಾದರಮಾವ ಇದ್ದ, ಅವನ ಬಳಿ ಅಂಗಡಿ ಇತ್ತು,
ಮಲಗಾಕ ಅಟ್ಟ ಇತ್ತು.
ಈ ಕಡೆ ಹೆಸರು ಹಿಡದು ಕರಿಯಾಕ ಒಂದು ನಾಯಿ ಇರಲಿಲ್ಲ.
ಈ ಗಾಡಿ ಮೊದಲ ಸೀಟಿ ಹಾಕ್ತು.
ಇದನ್ನ ಆಕಿ ಫಾರ್ಮಿನ ಯಾವ ಖಾನ್ಯಾದಾಗ ತುಂಬಬೇಕು?

"ಎಲ್ಲಿ ಕಲ್ಲು ಚಲೋ ಅದಾವೋ ಅಲ್ಲಿಗೆ ಹೋಗವ್ವಾ."
ನಕ್ಕಳು. "ಕಲ್ಲು ಎಲ್ಲಾ ಕಡೆ ಚಲೋನ ಇರ್ತಾವು ಕಾಕಾ."

ಬಣ್ಣದ್ದು ಎಂಟು, ಕರೇದು ಮೂವತ್ತೊಂದು.
ಹೋದಳು. ಎಲ್ಲಾರೂ ಹಂಗ,
ಕಾಪಿ ಎಣಿಸಿ ಒಯ್ತಾರ, ಗಾಜಿನ ಮ್ಯಾಲೆ ಅಸಲು ಮರೀತಾರ.
ಮುಚ್ಚಳ ಎತ್ತಿದೆ. ಗೆರಿ ಹೊಡದ ವಹಿಯ ಹಾಳಿ,
ಕಟ್ಟಿನೊಳಗ ಹೆಂಗ ಸೇರಿತ್ತೋ, ನಾನೂ ನೋಡದ ಹಾಕಿದ್ದೆ.
ಆಕಿದಲ್ಲ, ಹಿರ್ಯಾರ ಕೈಬರಹ. ಅವ್ವಂದೋ, ಅಜ್ಜಿದೋ.
ಎಡಕ್ಕ ಒಳ್ಳೇದು, ಬಲಕ್ಕ ಕೆಟ್ಟದ್ದು.

ಜರ್ಮನಿ: ಫೀ ಇಲ್ಲ.
ಬಲಕ್ಕ: ಬ್ರೆಡ್ ಗಟ್ಟಿ, ಇಕಿ ಹಲ್ಲು ಸೂಕ್ಷ್ಮ.
ಕೆನಡಾ: ಕೆಲಸ ಸಿಗಬಹುದು.
ಬಲಕ್ಕ: ನಾವು ಎದ್ದಾಗ ಅವರು ಮಲಗ್ತಾರ, ಯಾವಾಗ ಮಾತಾಡೂದು?
ಐರ್ಲೆಂಡ್: ವಾಸಂತಿಯ ನಾದಿನಿ ಇದ್ದಾಳ.
ಬಲಕ್ಕ: ವಾಸಂತಿಯ ನಾದಿನಿ ಇದ್ದಾಳ.

ಕಡೀ ಸಾಲು ಪುಣೆ.
ಎಡಕ್ಕ ಏನೂ ಬರದಿಲ್ಲ.
ಬಲಕ್ಕೂ ಬರದಿಲ್ಲ.
ಪೆನ್ನು ಊರಿ ಭಾಳ ಹೊತ್ತು ತಡದ ಒಂದು ಚುಕ್ಕಿ ಅದ,
ಮಸಿ ಹಿಂದಿನ ಮಗ್ಗಲಿಗೆ ಇಳದದ.

ಓಡಿ ನೋಡಿದೆ, ಬಸ್ಸು ಬಿಟ್ಟಿತ್ತು.
ಗಲ್ಲಾದ ಕೆಳಗಿನ ಡ್ರಾವರಿನ್ಯಾಗ ಇಟ್ಟೀನಿ.
ನಾಳೆ ಬಂದರ ಕೊಡ್ತೀನಿ.
ಓದಿಲ್ಲ ಅಂತೀನಿ.