ಕೂಡಿ ಬರೂದಿಲ್ಲ

ಕರೆಂಟ್ ಹೋಗಿ ಬೆಟಗೇರ್ಯಾಗ ಮಗ್ಗ ಎಲ್ಲಾ ನಿಂತಿದ್ದು.
ಆಗ ಬಂದ್ಲು ಅಂಬೂಬಾಯಿ ಬಾಕಳೆ,
ಬಲಗಣ್ಣಿಗೆ ಸೆರಗು ಒತ್ತಿಕೊಂಡು,
ಬಿಸಿಲಿಗೆ ಹಾದಿ ಬಿಟ್ಟು, ಗ್ವಾಡಿ ಹಿಡಕೊಂಡು.

"ಅರ್ಧ ತಲಿ ಅಷ್ಟ ನೋಯ್ತೈತ್ರಿ.
ಉಳಿದರ್ಧ ಮನಿ ಕೆಲಸ ಮಾಡ್ತೈತಿ."

ಚೀಟಿ ಹೊಸಾದು. ಗುಳಿಗಿ ಹೊಸಾದು, ತುಟ್ಟಿ.
ಡಬ್ಬಿ ತಗದ್ರ ಒಳಗ ಮಡಚಿದ ಹಾಳಿ,
ಬಿಚ್ಚಿದಷ್ಟೂ ಬಿಚ್ಚಿಕೋತ ಹೋಗೂದು.
ನಿಮ್ಮ ಸೀರಿಗಿಂತ ಉದ್ದ ಐತಿ ನೋಡ್ರಿ ಅಂದೆ.
ನಗಲಿಲ್ಲ.

ಎದಿನೋವು ಏನರ? ಇಲ್ರಿ.
ಬಿಪಿ? ಇಲ್ರಿ.
ಪಥ್ಯ ಏನ್ರಿ? ಇದನ್ನ ಆಕೀನ ಕೇಳಿದ್ಲು.
ಬದನಿಕಾಯಿ ನಡೀತೈತಿ, ಖಾರ ನಡೀತೈತಿ,
ಶನಿವಾರದ ಉಪಾಸ ನಡಿಯೂದಿಲ್ಲ;
ಹಸಿದ ಹೊಟ್ಟಿ ತಾನ ಹೋಗಿ ನೋವನ್ನ ಕರಕೊಂಡು ಬರ್ತೈತಿ.
"ದೇವರಿಗೆ ಏನ್ ಹೇಳ್ಲಿ?"
"ಡಾಕ್ಟ್ರು ಬ್ಯಾಡಂದಾರ ಅಂತ ಹೇಳ್ರಿ."

ಮತ್ತ, ಬ್ಯಾರೆ ಗುಳಿಗಿ ಏನರ ನುಂಗ್ತೀರೇನು?

ಇಪ್ಪತ್ತೆರಡು ವರ್ಷ ಕೇಳೇನಿ ಈ ಮಾತು,
ದನಿ ಏರಿಸಿ, ಮಗ್ಗದ ಸಪ್ಪಳದ ಮ್ಯಾಲೆ.
ಇವತ್ತ ಸಪ್ಪಳಿಲ್ಲ. ಓಣಿಗೆಲ್ಲಾ ಕೇಳ್ತು.
ಬೆನ್ನಹಿಂದ ಆಕಿ ನೆಗೆಣ್ಣಿ, ಗ್ರೈಪ್ ವಾಟರಿಗೆ ಬಂದಾಕಿ,
ಚಿಲ್ಲರ ಎಣಸೂದು ನಿಲ್ಲಿಸಿದ್ಲು.

ಇಲ್ರಿ, ಅಂತು ಬಾಯಿ.
ಬಳ್ಳು ಮಾತ್ರ ಹಾಳಿ ಮ್ಯಾಲೆ ನಡೀತಿತ್ತು.
ಇಂಗ್ಲಿಷ್ ಬರೂದಿಲ್ಲ ಆಕಿಗೆ. ಆದ್ರ ನೇಯೂ ಮನ್ಯಾಕಿ,
ಒಮ್ಮೆ ಕಂಡ ಅಂಚು ಎಳಿ ಎಣಸದ ಗುರ್ತು ಹಿಡೀತಾಳ.
ಇರುವಿ ಸಾಲಿನಂಥ ಅಕ್ಷರದಾಗ,
ಇವು ಜೋಡಿ ಇದ್ರ ಮೊದಲ ಹೇಳ್ರಿ ಅನ್ನೂ ಕಡೆ,
ಒಂದು ಹೆಸರಿನ ಕೆಳಗ ಉಗುರು ಊರಿದ್ಲು.

ಮನಸಿನ ಗುಳಿಗಿ.
ನನ್ನ ಅಂಗಡ್ಯಾಗ ಎಂದೂ ಒಯ್ದಾಕಿ ಅಲ್ಲ.
ತಿಂಗಳಿಗೊಮ್ಮೆ ತವರಮನಿ ಅಂತ ಧಾರವಾಡದ ಬಸ್ ಹತ್ತೂದು ಕಂಡಿದ್ದೆ.

ಎರಡೂ ಒಳ್ಳೇವ, ಒಂಟಿ ಇದ್ದಾಗ.
ಕೂಡಿದ್ರ ಒಮ್ಮೊಮ್ಮೆ ಮೈ ನಡಗ್ತೈತಿ, ಬೆವರ್ತೈತಿ,
ಎದಿ ಯಾರೋ ಬೆನ್ನಹತ್ತಿದಂಗ ಓಡ್ತೈತಿ.
ಇಷ್ಟನ್ನ ಆಕಿಗೆ ಹೇಳಬೇಕು. ಆಕಿಗೆ ಅಷ್ಟ.

ಜೋರಾಗಿ ಅಂದೆ: "ಈ ಗುಳಿಗಿ ಸ್ಟಾಕಿಲ್ರಿ.
ಡಾಕ್ಟರಿಗೆ ಫೋನ್ ಹಚ್ಚಿ ಕೇಳ್ತೀನಿ,
ಸಂಜಿಮುಂದ ಒಬ್ಬರ ಬರ್ರಿ."
ಡಬ್ಬಿ ಅಲ್ಲೇ ಗಾಜಿನ ಮ್ಯಾಲೆ ಬಾಯಿ ತಕ್ಕೊಂಡು ಕುಂತಿತ್ತು.

ನೆಗೆಣ್ಣಿ ಡಬ್ಬಿ ನೋಡಿದ್ಲು. ನನ್ನ ನೋಡಿದ್ಲು.
"ಗ್ರೈಪ್ ವಾಟರ್ ಆದ್ರೂ ಐತೋ,
ಅದೂ ಸ್ಟಾಕಿಲ್ಲೋ?"

ಇಬ್ಬರೂ ಇಳದು ಹೋದ್ರು.
ನಾಕು ಹೆಜ್ಜಿ ಆದಮ್ಯಾಲೆ
ಎಡಕ್ಕಿದ್ದಾಕಿ ಸುಮ್ಮನ ಬಲಕ್ಕ ಬಂದ್ಲು,
ಬಿಸಿಲಿನ ಕಡೆ.